ಲಾಲಿಪಾಪ್ ಹುಡುಗಿಯ ಉಳಿದ ಹಾಡುಗಳು

ಹಳೆಯ ಎಲ್‌ಪಿಗಳ ಹುಚ್ಚು ಹಿಡಿದ ಗೆಳೆಯನೊಬ್ಬನಿದ್ದಾನೆ. ಜಮೈಕಾದ ಸಂಗೀತವೆಂದರೆ ಅವನಿಗೆ ಪಂಚಪ್ರಾಣ. ಮನೆಗೆ ಹೋದರೆ ಕಾಫಿ ಬರುವ ಮೊದಲೇ ಸ್ಕಾ ಅನ್ನುವ ಅಲ್ಲಿನ ಸಂಗೀತ ನುಡಿಸುವ ಸ್ಕಟಲೈಟ್ಸ್ ತಂಡ ಶುರುವಾಗಿರುತ್ತದೆ; ಡಾನ್ ಡ್ರಮಂಡ್‌ನ ಟ್ರಾಂಬೋನ್ ಬರುವ ಕಡೆ ಯಾರಾದರೂ ಮಾತಾಡಿದರೆ ಮುಖ ಗಂಟಿಕ್ಕಿಕೊಳ್ಳುತ್ತಾನೆ. ಅಂಥವನ ಮುಂದೆ ಒಂದು ಸಂಜೆ 'ಮೈ ಬಾಯ್ ಲಾಲಿಪಾಪ್' ಹಾಡಿದ ಜಮೈಕಾದ ಗಾಯಕಿ ಮಿಲಿ ಸ್ಮಾಲ್ ಹೆಸರು ಎತ್ತಿದೆ. ಅವಳ ಮೊದಲ ಆಲ್ಬಂ ಪೂರ್ತಿ ಕೇಳಿದ್ದೀಯಾ ಅಂತ ಕೇಳಿದ್ದಷ್ಟೆ. "ಅದು ಸ್ಕಾ ಅಲ್ಲ ಗುರೂ, ಪೆಪ್ಪರ್‌ಮಿಂಟು. ಇಂಗ್ಲೆಂಡಿನ ಮಕ್ಕಳು ಚೀಪಲಿ ಅಂತ ಮಾಡಿದ್ದು" ಅಂದು ಇನ್ನೊಂದು ರೆಕಾರ್ಡ್ ಹಾಕಿದ. ಮಾತು ಅಲ್ಲಿಗೇ ನಿಂತಿತು.

ನನಗೆ ಮಾತ್ರ ಅದು ಕೊರೆಯುತ್ತಲೇ ಉಳಿಯಿತು. ಅವನು ಹೇಳಿದ್ದು ಪೂರ್ತಿ ಸುಳ್ಳು ಅನ್ನುವ ಹಾಗಿಲ್ಲ. 1964ರಲ್ಲಿ ಬಂದ ಆ ಆಲ್ಬಂ ಲಂಡನ್ನಿನಲ್ಲಿ ತಯಾರಾದ ಪಾಪ್ ಸರಕೇ. ಬ್ರಿಟನ್ನಿನಲ್ಲಿ ಫಾಂಟಾನಾ ಕಂಪನಿ ಅದಕ್ಕೆ 'ಮೋರ್ ಮಿಲಿ' ಅಂತ ಹೆಸರಿಟ್ಟಿತು, ಅಮೆರಿಕದಲ್ಲಿ ಸ್ಮ್ಯಾಶ್ ಕಂಪನಿ ಸೀದಾ 'ಮೈ ಬಾಯ್ ಲಾಲಿಪಾಪ್' ಅಂತಲೇ ಅಚ್ಚು ಹಾಕಿತು. ಒಂದು ಹಾಡು ಎದ್ದಿದೆ, ಅದರ ಬೆನ್ನಿಗೇ ಇನ್ನೊಂದು ಡಜನ್ ಮಾರಿಬಿಡೋಣ ಅನ್ನುವ ಆತುರ ಎರಡೂ ಹೆಸರಿನಲ್ಲಿ ಕಾಣುತ್ತದೆ. ಆದರೂ 'ಇದು ಅಸಲಿ ಅಲ್ಲ' ಅನ್ನುವ ದೂರು ಪ್ರತಿ ಸಲವೂ ಯಾರ ತಲೆಗೆ ಬಂದು ಕೂರುತ್ತದೆ ನೋಡಿ. ಹಾಡು ಆರಿಸಿದವನು, ವಾದ್ಯ ಜೋಡಿಸಿದವನು, ಕರಾರು ಬರೆದವನು, ರಟ್ಟಿನ ಮೇಲೆ ಫೋಟೋ ಅಂಟಿಸಿದವನು ಎಲ್ಲರೂ ಬೇರೆ ಬೇರೆ. ಆದರೆ 'ಸ್ಕಾ ಕೆಡಿಸಿದವಳು' ಮಾತ್ರ ಹದಿನಾರರ ಆಸುಪಾಸಿನ ಒಂದು ಹುಡುಗಿ. ಆ ಆಲ್ಬಮ್ಮಿನಲ್ಲಿ ಅವಳದ್ದು ಅಂತ ಇದ್ದದ್ದು ಒಂದೇ, ಅವಳ ಗಂಟಲು. ಅದರ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ.

ಕೈ ಏಳುವ ಜಾಗ

ನಮ್ಮತ್ತೆ ಮೈಸೂರಿನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಪಾಶ್ಚಾತ್ಯ ಸಂಗೀತದ ಬಗ್ಗೆ ವಿರೋಧವೂ ಇಲ್ಲ, ಆಸಕ್ತಿಯೂ ಇಲ್ಲ. ಒಂದು ಮಧ್ಯಾಹ್ನ ಪಾಠಕ್ಕೆ ಬಂದ ಹುಡುಗರೆಲ್ಲ ಹೋದ ಮೇಲೆ, ಫೋನಿನಲ್ಲಿ ಮಿಲಿಯ 1964ರ ಒಂದು ಕಪ್ಪು ಬಿಳುಪು ಟೀವಿ ತುಣುಕು ಹಾಕಿ ಅವರ ಕೈಗೆ ಕೊಟ್ಟೆ. ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು ನೋಡಿದರು. ಅಭ್ಯಾಸಬಲ, ಬಲಗೈ ತಾನಾಗಿ ತೊಡೆಯ ಮೇಲೆ ಬೀಳತೊಡಗಿತು. ಎರಡು ಆವರ್ತ ಆಗುವಷ್ಟರಲ್ಲಿ ಹುಬ್ಬು ಮೇಲೇರಿತು. "ಇದೇನೋ ಇದು, ಗಿಟಾರ್ ಎಲ್ಲ ಕೈ ಎತ್ತಿದ ಕಡೆ ಬರ್ತಾ ಇದೆ?"

ಸ್ಕಾ ಅಂದರೆ ಏನು ಅಂತ ಯಾರಾದರೂ ಕೇಳಿದರೆ ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ತಾಳ ಹಾಕಿಕೊಂಡು ಕೂತು ಕೇಳಿ. ಕೈ ತೊಡೆಗೆ ಬಿದ್ದಾಗ ಗಿಟಾರ್ ಬಾಯಿ ಮುಚ್ಚಿಕೊಂಡಿರುತ್ತದೆ. ಕೈ ಮೇಲೆದ್ದ ಅರ್ಧ ಅಕ್ಷರದಲ್ಲಿ 'ಚಕ್'. ಮತ್ತೆ ಬಿದ್ದಾಗ ಮೌನ, ಎದ್ದಾಗ 'ಚಕ್'. ಹಾಡಿನ ಉದ್ದಕ್ಕೂ ಹೀಗೇ. ನಮ್ಮಲ್ಲಿ ಅರ್ಧ ಎಡುಪಿನ ಕೃತಿಗಳು ಬೇಕಾದಷ್ಟಿವೆ, ಆದರೆ ಅಲ್ಲಿ ಸಾಹಿತ್ಯ ಎತ್ತಿಕೊಳ್ಳುವ ಜಾಗ ಮಾತ್ರ ಅರ್ಧದಲ್ಲಿರುತ್ತದೆ, ಲಯದ ಭಾರ ಪೆಟ್ಟಿನ ಮೇಲೇ ಇರುತ್ತದೆ. ಸ್ಕಾದಲ್ಲಿ ಗಿಟಾರ್, ಪಿಯಾನೊ, ಕೆಲವೊಮ್ಮೆ ಸ್ಯಾಕ್ಸಫೋನು ಕೂಡ ಆ ಅರ್ಧವನ್ನೇ ಹಿಡಿದುಕೊಂಡು ಬಿಡುವುದಿಲ್ಲ. ಕೆಳಗೆ ಬಾಸ್ ಒಂದೊಂದೇ ಪೆಟ್ಟಿಗೆ ಹೆಜ್ಜೆ ಹಾಕುತ್ತ ಹೋಗುತ್ತಿರುತ್ತದೆ. ಈ ಎರಡರ ಎಳೆದಾಟದಲ್ಲಿ ಕೂತವರ ಮೈ ಸುಮ್ಮನಿರಲು ಆಗುವುದಿಲ್ಲ.

ಅತ್ತೆಗೆ ತಾಳದ ಕುತೂಹಲ ಬೇಗ ತೀರಿತು. ಆಮೇಲೆ ಹುಡುಗಿಯನ್ನೇ ನೋಡುತ್ತಿದ್ದರು. "ಮೂಗಿನಲ್ಲಿ ಹಾಡ್ತಾಳೆ, ಆದರೆ ಬಾಯಿ ಪೂರ್ತಿ ತೆಗೀತಾಳೆ. ಶ್ರುತಿ ಎಲ್ಲೂ ಬಿಡಲ್ಲ ನೋಡು" ಅಂದರು. ಅತ್ತೆಯ ಬಾಯಲ್ಲಿ ಇದು ದೊಡ್ಡ ಸರ್ಟಿಫಿಕೇಟು. ತುಣುಕು ಮುಗಿದ ಮೇಲೆ ಫೋನು ವಾಪಸ್ ಕೊಡುತ್ತ ಕೇಳಿದ ಪ್ರಶ್ನೆಯೇ ಬೇರೆ. "ಈ ಮಗು ಅಷ್ಟು ದೂರ ಯಾರ ಜೊತೆ ಹೋಗಿತ್ತು? ಅವರಮ್ಮ ಜೊತೆಗಿದ್ದರಾ?"

ಮಿಲಿ ಸ್ಮಾಲ್ ಬಗ್ಗೆ ನಾನು ಓದಿದ್ದೆಲ್ಲ ಅದುವರೆಗೆ ಚಾರ್ಟ್, ಲೇಬಲ್, ಲಾಲಿಪಾಪ್ ಹಾಡಿಗೆ ಯಾರು ಮೌತ್ ಆರ್ಗನ್ ಊದಿದರು ಅನ್ನುವ ಜಗಳ, ಇಷ್ಟೇ. (ಊದಿದ್ದು ಬ್ರಿಟನ್ನಿನ ರಾಕ್ ಗಾಯಕ ರಾಡ್ ಸ್ಟುವರ್ಟ್ ಅನ್ನುವ ಗಾಳಿಮಾತು ಇನ್ನೂ ಸತ್ತಿಲ್ಲ, ತಾನಲ್ಲ ಅಂತ ಅವನೇ ಹೇಳಿದ್ದಾನೆ.) ಅತ್ತೆಯ ಪ್ರಶ್ನೆಗೆ ಉತ್ತರ ಇದೆ: ಅಮ್ಮ ಜೊತೆಗಿರಲಿಲ್ಲ. ಅಪ್ಪ ಅಮ್ಮನ ಒಪ್ಪಿಗೆ ಪಡೆದು, ಕ್ರಿಸ್ ಬ್ಲ್ಯಾಕ್‌ವೆಲ್ ಅನ್ನುವ ಯುವಕ ಕಾನೂನಿನ ಪ್ರಕಾರ ಅವಳ ಪೋಷಕನಾಗಿ 1963ರ ಕೊನೆಯ ಹೊತ್ತಿಗೆ ಲಂಡನ್ನಿಗೆ ಕರೆದುಕೊಂಡು ಬಂದ. ಅವನಿಗೆ ಆಗಿನ್ನೂ 26. ಐಲೆಂಡ್ ರೆಕಾರ್ಡ್ಸ್ ಅನ್ನುವ ಪುಟ್ಟ ಕಂಪನಿಯ ಮಾಲೀಕ. ಜಮೈಕಾದ ಶ್ರೀಮಂತ ಬಿಳಿಯ ಮನೆತನದ ಹುಡುಗ. ಅವಳು ಕ್ಲಾರೆಂಡನ್ ಪ್ರಾಂತ್ಯದ ಕಬ್ಬಿನ ತೋಟದ ಮೇಸ್ತ್ರಿಯ ಮಗಳು, ತುಂಬಿದ ಮನೆಯಿಂದ ಬಂದವಳು. ಲಂಡನ್ನಿನ ಫಾರೆಸ್ಟ್ ಹಿಲ್‌ನಲ್ಲಿ ವಾಸ. ಬಂದ ಕೂಡಲೇ ನೃತ್ಯದ ಪಾಠ, ಇಂಗ್ಲಿಷ್ ಉಚ್ಚಾರಣೆಯ ಪಾಠ.

ಯಾರದ್ದು ಅಂತ ಕೇಳಿದರೆ

ಅಸಲಿ ನಕಲಿಯ ವಿಷಯಕ್ಕೆ ಬರೋಣ. ಗೆಳೆಯನ ವಾದ ಒಪ್ಪಬೇಕಾದರೆ ಎಲ್ಲೋ ಒಂದು ಕಡೆ ಮುಟ್ಟದ, ಕಲಬೆರಕೆಯಿಲ್ಲದ ಸ್ಕಾ ಇತ್ತು, ಲಂಡನ್ನಿನವರು ಅದಕ್ಕೆ ನೀರು ಬೆರೆಸಿದರು ಅಂತ ನಂಬಬೇಕು. ಆದರೆ ಸ್ಕಾ ಹುಟ್ಟಿದ್ದೇ ಅಮೆರಿಕದ ರೇಡಿಯೋ ಕೇಳಿಕೊಂಡು. ಐವತ್ತರ ದಶಕದಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳ ಸ್ಟೇಷನ್ನುಗಳು, ಮಯಾಮಿ, ನ್ಯೂ ಆರ್ಲಿಯನ್ಸ್‌ನವು, ರಾತ್ರಿ ಹೊತ್ತು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿಗೆ ಕೇಳಿಸುತ್ತಿದ್ದವು. ನ್ಯೂ ಆರ್ಲಿಯನ್ಸ್‌ನ ಗಾಯಕ ಫ್ಯಾಟ್ಸ್ ಡಾಮಿನೊ ಅಲ್ಲಿ ದೇವರು. ಬೀದಿಯಲ್ಲಿ ಗುಡ್ಡದಷ್ಟು ಸ್ಪೀಕರ್ ಪೇರಿಸಿ ಹಾಡು ಹಾಕುವ ಸೌಂಡ್ ಸಿಸ್ಟಂ ಮಾಲೀಕರು ಅಮೆರಿಕಕ್ಕೆ ಹೋಗಿ ಅಲ್ಲಿನ ಕರಿಯರ ರಿದಂ ಆ್ಯಂಡ್ ಬ್ಲೂಸ್ ಸಂಗೀತದ ರೆಕಾರ್ಡುಗಳನ್ನು ಕೊಂಡು ತರುತ್ತಿದ್ದರು. ಎದುರಾಳಿಗೆ ಯಾವ ಹಾಡು ಅಂತ ಗೊತ್ತಾಗಬಾರದು ಅಂತ ಲೇಬಲ್ ಕೆರೆದು ಹಾಕುವುದು ಆ ದಂಧೆಯ ಮಾಮೂಲು ತಂತ್ರ. ಬ್ಲ್ಯಾಕ್‌ವೆಲ್ ಕೂಡ ಮೊದಮೊದಲು ನ್ಯೂಯಾರ್ಕಿನಿಂದ ರೆಕಾರ್ಡು ತಂದು, ಲೇಬಲ್ ಕೆರೆದು, ಇವರಿಗೆ ಮಾರುತ್ತಿದ್ದವನೇ. ಅಮೆರಿಕದಲ್ಲಿ ಆ ಬಗೆಯ ಹಾಡುಗಳು ಕಡಿಮೆಯಾಗುತ್ತ ಬಂದಾಗ ಕಿಂಗ್‌ಸ್ಟನ್ನಿನವರು ತಾವೇ ಮಾಡಿಕೊಳ್ಳಲು ಕೂತರು. ಮಾಡುತ್ತ ಮಾಡುತ್ತ ಒತ್ತು ಅರ್ಧ ಪೆಟ್ಟಿಗೆ ಜಾರಿತು. ಅದೇ ಸ್ಕಾ ಆಯಿತು.

'ಮೈ ಬಾಯ್ ಲಾಲಿಪಾಪ್' ಕೂಡ ಅದೇ ದಾರಿಯಲ್ಲಿ ಬಂದದ್ದು. 1956ರಲ್ಲಿ ನ್ಯೂಯಾರ್ಕಿನ ಬಾರ್ಬಿ ಗೇ ಅನ್ನುವ ಹರೆಯದ ಹುಡುಗಿ ಅದನ್ನು ಮೊದಲು ಹಾಡಿದಳು. ಬರೆದವನು ಕ್ಯಾಡಿಲ್ಯಾಕ್ಸ್ ತಂಡದ ಬಾಬಿ ಸ್ಪೆನ್ಸರ್. ಅವನು ಬರೆದಾಗ ಅದು ಗಂಡು ಹಾಡುವ 'ಮೈ ಗರ್ಲ್ ಲಾಲಿಪಾಪ್' ಆಗಿತ್ತು. ಹುಡುಗಿ ಹಾಡುತ್ತಾಳೆ ಅಂದ ಮೇಲೆ ತಿರುಗಿಸಿದರು. ಮುಂದೆ ಮಾರಿಸ್ ಲೆವಿ ಅನ್ನುವ ರೆಕಾರ್ಡ್ ವ್ಯಾಪಾರಿ ಹಾಡು ಬರೆದವರ ಸಾಲಿನಲ್ಲಿ ತನ್ನ ಹೆಸರನ್ನೂ ಸೇರಿಸಿಕೊಂಡ. ಬಾರ್ಬಿ ಗೇಯ ರೆಕಾರ್ಡ್ ಕೇಳಿ ನೋಡಿ, ಅರ್ಧ ಪೆಟ್ಟಿನ ತುಡಿತ ಅಲ್ಲೇ ಆಗಲೇ ಇದೆ. ಮಿಲಿಗಾಗಿ ಹಾಡು ಹುಡುಕುತ್ತಿದ್ದ ಬ್ಲ್ಯಾಕ್‌ವೆಲ್‌ಗೆ ತಾನೇ ಹಿಂದೆ ಕೊಂಡಿದ್ದ ಈ ಹಾಡು ನೆನಪಾಯಿತು. ಜಮೈಕಾದಿಂದ ಗಿಟಾರ್ ವಾದಕ ಅರ್ನೆಸ್ಟ್ ರಾಂಗ್ಲಿನ್ ಬಂದು ಹಾಡನ್ನು ಹೊಸದಾಗಿ ಜೋಡಿಸಿದ. ಸ್ಯಾಕ್ಸಫೋನಿದ್ದ ಜಾಗಕ್ಕೆ ಮೌತ್ ಆರ್ಗನ್ ಬಂತು. ನ್ಯೂಯಾರ್ಕಿನ ಹಾಡು, ಕಿಂಗ್‌ಸ್ಟನ್ನಿನ ಗಿಟಾರ್, ಲಂಡನ್ನಿನ ಸ್ಟುಡಿಯೋ. ಇದರಲ್ಲಿ ಯಾವುದನ್ನು ಅಸಲಿ ಅಂತ ಎತ್ತಿಡುತ್ತೀರಿ?

ಆಲ್ಬಮ್ಮಿನ ಉಳಿದ ಹಾಡುಗಳನ್ನು ನೋಡಿದರೆ ಇದೇ ಕಥೆ ಇನ್ನೂ ಸ್ಪಷ್ಟ. 'ಐಯಾಮ್ ಇನ್ ಲವ್ ಅಗೇನ್' ಫ್ಯಾಟ್ಸ್ ಡಾಮಿನೊನ 1956ರ ಹಾಡು. 'ವಾಟ್ ಆಮ್ ಐ ಲಿವಿಂಗ್ ಫಾರ್' ಹಾಡಿದ್ದ ಚಕ್ ವಿಲ್ಲಿಸ್ 1958ರಲ್ಲಿ, ಆ ಹಾಡು ಜನರ ಬಾಯಿಗೆ ಬರುವ ಹೊತ್ತಿಗೆ ತೀರಿಕೊಂಡಿದ್ದ. 'ಟಾಮ್ ಹಾರ್ಕ್' ದಕ್ಷಿಣ ಆಫ್ರಿಕಾದ ಬೀದಿಹುಡುಗರ ಪುಟ್ಟ ಕೊಳಲಿನ ಕ್ವೇಲಾ ರಾಗ. ಇವೆಲ್ಲ ಸೇರಿ ಕಿಂಗ್‌ಸ್ಟನ್ನಿನ ಒಂದು ಸೌಂಡ್ ಸಿಸ್ಟಮ್ಮಿನ ರಾತ್ರಿಯ ರುಚಿಗೆ ಹತ್ತಿರವೇ ಇವೆ, ದೂರವಲ್ಲ. ಇಂಗ್ಲಿಷ್ ಸ್ಟುಡಿಯೋ ವಾದ್ಯಗಾರರು ನುಡಿಸುವಾಗ ಸ್ವಲ್ಪ ಇಸ್ತ್ರಿ ಹಾಕಿದ ಹಾಗೆ ಕೇಳುತ್ತದೆ, ನಿಜ. ಡ್ರಮ್ ಎಲ್ಲೂ ಬೆವರುವುದಿಲ್ಲ. ಸ್ಕಟಲೈಟ್ಸ್ ನುಡಿಸಿದ್ದರೆ ಏನಾಗುತ್ತಿತ್ತು ಅಂತ ನನಗೂ ಅನಿಸಿದ್ದಿದೆ.

ತಮಾಷೆ ಅಂದರೆ ಜಮೈಕಾ ಸರ್ಕಾರವೇ ಅದೇ ವರ್ಷ ಈ ಇಸ್ತ್ರಿ ಕೆಲಸ ಮಾಡಿತು. ಸ್ವಾತಂತ್ರ್ಯ ಬಂದು ಎರಡು ವರ್ಷ. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಸ್ಕಾವನ್ನು ದೇಶದ ಸಂಗೀತ ಅಂತ ತೋರಿಸಬೇಕು ಅಂತ ಹೊರಟಾಗ, ಮಂತ್ರಿ ಎಡ್ವರ್ಡ್ ಸೀಗಾ ನೇತೃತ್ವದಲ್ಲಿ ಕಳಿಸಿದ್ದು ಬೈರನ್ ಲೀ ಮತ್ತು ಡ್ರ್ಯಾಗನೇರ್ಸ್ ತಂಡವನ್ನು. ಹೋಟೆಲ್ಲುಗಳಲ್ಲಿ ನುಡಿಸುತ್ತಿದ್ದ, ಸೂಟು ಹಾಕಿದ, ಮೇಲುಕೇರಿಯ ತಂಡ. ಸ್ಟುಡಿಯೋಗಳಲ್ಲಿ ಸ್ಕಾ ಕಟ್ಟಿದ, ಗಾಂಜಾ ಮತ್ತು ರಾಸ್ತಾಫರಿ ಪಂಥದವರ ಸಹವಾಸದ ವಾದ್ಯಗಾರರು ಹಿಂದೆ ಉಳಿದರು. ಹೋದ ಗಾಯಕರಲ್ಲಿ ಜಿಮ್ಮಿ ಕ್ಲಿಫ್, ಪ್ರಿನ್ಸ್ ಬಸ್ಟರ್ ಜೊತೆ ಮಿಲಿಯೂ ಇದ್ದಳು. ಗೆಳೆಯ ಪೂಜಿಸುವ ಪ್ರಿನ್ಸ್ ಬಸ್ಟರ್ ಅದೇ ವೇದಿಕೆಯಲ್ಲಿದ್ದ. ಅವನಿಗೆ ಯಾರೂ ಪೆಪ್ಪರ್‌ಮಿಂಟು ಅನ್ನಲಿಲ್ಲ.

ಲೆಕ್ಕ

1964ರ ಮಾರ್ಚ್‌ನಲ್ಲಿ ಬಂದ ಲಾಲಿಪಾಪ್ ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡು, ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೆ ಏರಿತು, ಅಮೆರಿಕದಲ್ಲೂ ಎರಡನೇ ಸ್ಥಾನ. ಬೀಟಲ್ಸ್ ಎಲ್ಲ ಕಡೆ ಕೂತಿದ್ದ ವರ್ಷದಲ್ಲಿ. ಐಲೆಂಡ್ ಆಗ ವಲಸಿಗರ ಬಡಾವಣೆಗಳಲ್ಲಿ ಕಾರಿನಲ್ಲಿ ರೆಕಾರ್ಡು ಹೊತ್ತು ಮಾರುವ ಗಾತ್ರದ ಕಂಪನಿ. ಹಾಡು ಎದ್ದರೆ ಅಷ್ಟು ಪ್ರತಿ ಒತ್ತಿಸಲು ಕೈಯಲ್ಲಿ ಕಾಸಿಲ್ಲ, ಅಂಗಡಿಯವರು ದುಡ್ಡು ಕೊಡುವ ಹೊತ್ತಿಗೆ ತಾನು ಮುಳುಗಿರುತ್ತೇನೆ ಅಂತ ಬ್ಲ್ಯಾಕ್‌ವೆಲ್ ಲೆಕ್ಕ ಹಾಕಿ ಫಾಂಟಾನಾಕ್ಕೆ ಹಕ್ಕು ಕೊಟ್ಟ. ಚುರುಕು ಬುದ್ಧಿ, ಒಪ್ಪಬೇಕು. ಅವಳ ಜೊತೆ ಊರೂರು ಸುತ್ತಿದ. ಒಂದು ಟೀವಿ ಕಾರ್ಯಕ್ರಮಕ್ಕೆ ಅವಳನ್ನು ಬರ್ಮಿಂಗ್‌ಹ್ಯಾಮಿಗೆ ಕರೆದುಕೊಂಡು ಹೋದಾಗ ಸ್ಪೆನ್ಸರ್ ಡೇವಿಸ್ ಗ್ರೂಪ್ ಕಣ್ಣಿಗೆ ಬಿತ್ತು, ಅದರಲ್ಲಿ ಹಾಡುತ್ತಿದ್ದ ಹದಿಹರೆಯದ ಸ್ಟೀವ್ ವಿನ್‌ವುಡ್ ಸಿಕ್ಕಿದ. ಐಲೆಂಡ್ ರಾಕ್ ಸಂಗೀತಕ್ಕೆ ಹೊರಳಿದ್ದು ಅಲ್ಲಿಂದ. ಎಪ್ಪತ್ತರ ದಶಕದಲ್ಲಿ ಬಾಬ್ ಮಾರ್ಲೆ. 1989ರಲ್ಲಿ ಆ ಕಂಪನಿಯನ್ನು ಪಾಲಿಗ್ರಾಮ್‌ಗೆ ಮಾರಿದ ಮೊತ್ತ ಸುಮಾರು 30 ಕೋಟಿ ಡಾಲರ್.

ಅದಕ್ಕೆ ಎರಡು ವರ್ಷ ಮೊದಲು, 1987ರಲ್ಲಿ, ಐಲೆಂಡಿನ ಇಪ್ಪತ್ತೈದರ ಸಂಭ್ರಮಕ್ಕೆ ಲಾಲಿಪಾಪ್ ಮತ್ತೆ ಬಿಡುಗಡೆಯಾಯಿತು. ಆ ಸಮಯದ ಒಂದು ಟೀವಿ ಸಂದರ್ಶನದಲ್ಲಿ ಮಿಲಿ ತನ್ನ ಕೈಯಲ್ಲಿ ಕಾಸಿಲ್ಲವೆಂದೂ ಎಳೆಯ ಮಗಳೊಂದಿಗೆ ಯೂತ್ ಹಾಸ್ಟೆಲ್ಲಿನಲ್ಲಿ ಮಲಗಿದ್ದುಂಟೆಂದೂ ಹೇಳಿದಳು. ಬ್ಲ್ಯಾಕ್‌ವೆಲ್ ಅವಳ ಬಗ್ಗೆ ಯಾವಾಗಲೂ ಪ್ರೀತಿಯಿಂದಲೇ ಮಾತಾಡಿದ್ದಾನೆ, ಅವಳೂ ಅವನನ್ನು ಬೈದದ್ದನ್ನು ನಾನು ಓದಿಲ್ಲ. ಹಾಗಾಗಿ ಇಲ್ಲಿ ಖಳನಾಯಕನನ್ನು ಹುಡುಕುವ ಉಮೇದು ನನಗಿಲ್ಲ. ಆದರೆ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡದೆ ಇರಲೂ ಆಗುವುದಿಲ್ಲ. ಪಾಪ್ ವ್ಯಾಪಾರದಲ್ಲಿ ಕೆಡಿಸಿದ ಅಪವಾದ ಹಾಡಿದವಳಿಗೆ, ಬೆಳೆಸಿದ ಕೀರ್ತಿ ಮಾರಿದವನಿಗೆ. ಸ್ಕಾವನ್ನು ಪ್ರಪಂಚಕ್ಕೆ ತಲುಪಿಸಿದ್ದು ಯಾರು ಅಂತ ಕೇಳಿದರೆ ಪುಸ್ತಕಗಳು ಬ್ಲ್ಯಾಕ್‌ವೆಲ್ ಅನ್ನುತ್ತವೆ. ಅದನ್ನು ಮಕ್ಕಳಾಟ ಮಾಡಿದ್ದು ಯಾರು ಅಂದರೆ ಮಿಲಿಯ ಹೆಸರು ಬರುತ್ತದೆ. ಇಬ್ಬರೂ ಮಾಡಿದ್ದು ಒಂದೇ ಎರಡು ನಿಮಿಷದ ರೆಕಾರ್ಡು.

ಗಂಟಲು

ಈಗ ನನಗೆ ಇಷ್ಟವಾದ ವಿಷಯ. ಉಚ್ಚಾರಣೆಯ ಮೇಷ್ಟ್ರು ಎಷ್ಟೇ ತಿದ್ದಿದ್ದರೂ ಆ ಆಲ್ಬಮ್ಮಿನಲ್ಲಿ ಅವಳ ದನಿ ತಿದ್ದಿಸಿಕೊಂಡಿಲ್ಲ. ತಾರದಲ್ಲಿ ತೆಳ್ಳಗೆ, ಚೂಪಾಗಿ, ಸ್ವಲ್ಪ ಮೂಗು ಬೆರೆತು ಬರುತ್ತದೆ. ಸಾಲಿನ ಕೊನೆಯಲ್ಲಿ ಚಿಕ್ಕದೊಂದು ಜಿಗಿತವಿದೆ, ಸ್ವರ ಮುಗಿಸಿ ಮೇಲಕ್ಕೆ ಹಾರಿ ಅಲ್ಲೇ ಬಿಟ್ಟುಬಿಡುತ್ತಾಳೆ. ಅವಳು ಹನ್ನೆರಡರ ವಯಸ್ಸಿಗೆ ಜಮೈಕಾದ ಮಾಂಟೆಗೊ ಬೇ ಊರಿನಲ್ಲಿ ವೆರ್ ಜಾನ್ಸ್‌ನ ಪ್ರತಿಭಾ ಸ್ಪರ್ಧೆಯ ವೇದಿಕೆ ಹತ್ತಿದವಳು. ಆ ಸ್ಪರ್ಧೆಯಲ್ಲಿ ತೀರ್ಪು ಕೊಡುತ್ತಿದ್ದದ್ದು ಚಪ್ಪಾಳೆ. ಮೂಲೆಯಲ್ಲಿ ಕೂತವನಿಗೂ ಕೇಳಿಸಬೇಕು, ಇಲ್ಲದಿದ್ದರೆ ಮನೆಗೆ. 'ಎದೆ ತುಂಬಿ ಹಾಡುವೆನು' ನೋಡಿ ಬೆಳೆದ ನಮಗೆ ಸ್ಪರ್ಧೆಯ ಮಕ್ಕಳ ಗಂಟಲು ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ತೀರ್ಪುಗಾರರಿಗಾಗಿ ಹಾಡುವ ಮಗುವಿಗೂ ಗದ್ದಲಕ್ಕಾಗಿ ಹಾಡುವ ಮಗುವಿಗೂ ವ್ಯತ್ಯಾಸ ಇರುತ್ತದೆ. ಮಿಲಿ ಎರಡನೇ ಬಗೆ. ಇಂಗ್ಲಿಷ್ ಸ್ಟುಡಿಯೋದ ನಿಶ್ಶಬ್ದದಲ್ಲೂ ಅವಳು ಮಾಂಟೆಗೊ ಬೇಯ ಕೊನೆಯ ಸಾಲಿಗೇ ಹಾಡುತ್ತಿದ್ದಾಳೆ.

ಅದಕ್ಕೇ 'ಸ್ವೀಟ್ ವಿಲಿಯಂ' ನನಗೆ ಬೇಸರ ತರುತ್ತದೆ. ಲಾಲಿಪಾಪ್‌ನ ಅಚ್ಚಿಗೇ ಹೊಯ್ದ ಎರಡನೇ ಸಿಂಗಲ್ ಅದು, ಬ್ರಿಟನ್ನಿನಲ್ಲಿ 30ಕ್ಕೆ ನಿಂತಿತು. ಚೆಲ್ಲುಚೆಲ್ಲಾಗಿ ಹಾಡು ಅಂತ ಯಾರೋ ಹೇಳಿದ್ದಾರೆ, ಹಾಗೇ ಹಾಡಿದ್ದಾಳೆ. ಪಕ್ಕದಲ್ಲಿ 'ವಾಟ್ ಆಮ್ ಐ ಲಿವಿಂಗ್ ಫಾರ್' ಇಟ್ಟು ಕೇಳಿ. ಗಂಡಸೊಬ್ಬ ತಗ್ಗಿನ ದನಿಯಲ್ಲಿ ತೋಡಿಕೊಂಡ ಅಳಲನ್ನು ಈ ಚೂಪು ಗಂಟಲು ಎತ್ತಿಕೊಂಡಾಗ, ಮುದ್ದು ಅನ್ನುವ ಪದವೇ ಬಾಯಿಗೆ ಬರುವುದಿಲ್ಲ. ಆಲ್ಬಂ ಮಾಡಿದವರಿಗೆ ಆ ಕಡೆ ಗಮನ ಹೋದ ಹಾಗಿಲ್ಲ. ಮುಂದಿನ ವರ್ಷ ಫ್ಯಾಟ್ಸ್ ಡಾಮಿನೊ ಹಾಡುಗಳದ್ದೇ ಒಂದು ಪೂರ್ತಿ ಎಲ್‌ಪಿ ಮಾಡಿಸಿದರು. ಯೋಚನೆ ಚೆನ್ನಾಗಿತ್ತು, ಆದರೆ ಅಷ್ಟರಲ್ಲಿ ಗಿರಾಕಿಗಳು ಬೇರೆ ಅಂಗಡಿಗೆ ಹೋಗಿದ್ದರು.

ಇನ್ನೊಂದು ಮಾತು. ಆ ಆಲ್ಬಂ ಬಂದ ವರ್ಷವೇ, ಅಕ್ಟೋಬರ್ ಚುನಾವಣೆಯಲ್ಲಿ, ಬರ್ಮಿಂಗ್‌ಹ್ಯಾಂ ಪಕ್ಕದ ಸ್ಮೆಥ್ವಿಕ್‌ನಲ್ಲಿ ಕರಿಯ ಮತ್ತು ಭಾರತೀಯ ವಲಸಿಗರ ವಿರುದ್ಧದ ಪ್ರಚಾರದ ಬಲದಿಂದ ಕನ್ಸರ್ವೇಟಿವ್ ಅಭ್ಯರ್ಥಿಯೊಬ್ಬ ಗೆದ್ದ. ಟೀವಿಯಲ್ಲಿ ಕುಣಿಯುವ ಕರಿಯ ಹುಡುಗಿ ಮುದ್ದು, ಪಕ್ಕದ ಮನೆಗೆ ಬಾಡಿಗೆಗೆ ಬರುವ ಕರಿಯ ಕುಟುಂಬ ಬೇಡ. ಈ ಎರಡೂ ಒಂದೇ ಊರಿನಲ್ಲಿ ನಡೆಯುತ್ತಿದ್ದಾಗ ಮಿಲಿಯನ್ನು ಮುದ್ದಾಗಿಯೇ ಇಡುವುದು ವ್ಯಾಪಾರಕ್ಕೆ ಬೇಕಾಗಿತ್ತು. ಅವಳಿಗೆ ಇದು ಗೊತ್ತಿರಲಿಲ್ಲ ಅಂತ ನನಗನಿಸುವುದಿಲ್ಲ. 1970ರಲ್ಲಿ ಟ್ರೋಜನ್ ಕಂಪನಿಗೆ ಹಾಡಿದ ರೆಕಾರ್ಡಿನ ಒಂದು ಬದಿಯಲ್ಲಿ ಇಂಗ್ಲೆಂಡಿನ ಹಾಡುಗಾರ ನಿಕ್ ಡ್ರೇಕ್ ಬರೆದ 'ಮೇಫೇರ್' ಇದೆ. ಇನ್ನೊಂದು ಬದಿಯಲ್ಲಿ ವಲಸಿಗರ ವಿರುದ್ಧ ಬೆಂಕಿಯುಗುಳಿದ್ದ ರಾಜಕಾರಣಿ ಇನಾಕ್ ಪವೆಲ್‌ನ ಹೆಸರನ್ನೇ ತಿರುಚಿದ 'ಇನಾಕ್ ಪವರ್'. ಅದೇ ಗಂಟಲು, ಆದರೆ ಈ ಸಲ ಯಾರನ್ನೂ ಓಲೈಸುವ ಗೊಡವೆಯಿಲ್ಲ. ನಂತರ ಹೆಚ್ಚು ಹಾಡಲಿಲ್ಲ. 2011ರಲ್ಲಿ ಜಮೈಕಾ ಸರ್ಕಾರ ಆರ್ಡರ್ ಆಫ್ ಡಿಸ್ಟಿಂಕ್ಷನ್ ಕೊಟ್ಟಿತು. 2020ರ ಮೇ 5ರಂದು ಲಂಡನ್ನಿನಲ್ಲಿ ತೀರಿಕೊಂಡಳು. ಲಾಕ್‌ಡೌನಿನ ಗಲಾಟೆಯಲ್ಲಿ ಆ ಸುದ್ದಿ ನಮ್ಮ ಕಡೆ ಯಾರ ಕಿವಿಗೂ ಬಿದ್ದ ಹಾಗಿರಲಿಲ್ಲ.

ಕೇಳಬೇಕು ಅನಿಸಿದವರಿಗೆ ಒಂದು ಸಲಹೆ: ಆಲ್ಬಮ್ಮಿನಿಂದ ಶುರುಮಾಡಬೇಡಿ. ಕಿಂಗ್‌ಸ್ಟನ್ನಿನಲ್ಲಿದ್ದಾಗ ರಾಯ್ ಪ್ಯಾಂಟನ್ ಜೊತೆ ಜೋಡಿಯಾಗಿ ಹಾಡಿದ 'ವೀಲ್ ಮೀಟ್' ಮೊದಲು ಹಾಕಿ. ಬ್ಲ್ಯಾಕ್‌ವೆಲ್‌ನ ಕಿವಿ ನೆಟ್ಟಗಾಗಿದ್ದು ಅದಕ್ಕೇ. ಆಮೇಲೆ ಲಂಡನ್ನಿನ ಮೊದಲ ಸಿಂಗಲ್ 'ಡೋಂಟ್ ಯು ನೋ'. ಅದಾದ ಮೇಲೆ ಆಲ್ಬಮ್ಮಿನಲ್ಲಿ ಚಕ್ ವಿಲ್ಲಿಸ್‌ನ ಹಾಡು, ಡಾಮಿನೊನ ಹಾಡು, 'ಟಾಮ್ ಹಾರ್ಕ್'. ಲಾಲಿಪಾಪನ್ನು ಕೊನೆಗಿಡಿ, ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಮೌತ್ ಆರ್ಗನ್ ಮುಗಿದು ಅವಳು ವಾಪಸ್ ಬರುವ ಜಾಗದಲ್ಲಿ ಸೌಂಡ್ ಸ್ವಲ್ಪ ಜಾಸ್ತಿ ಮಾಡಿ.